ಮೂರು ಕಾಲ, ಒಂದು ಗಲ್ಲಾ: ಮುಂಬೈಯಲ್ಲಿ ಸ್ವಂತ ಸರಣಿ ಮಾಡಲು ಹೊರಟವರಿಗೆ

ನಮ್ಮ ಮೊದಲ ಸರಣಿಯ ಮೊದಲ ಕಂತನ್ನು ಡೊಂಬಿವಲಿಯ ಚಿಕ್ಕಮ್ಮನಿಗೆ ತೋರಿಸಿದ್ದೆ. ಇಪ್ಪತ್ತೆರಡು ನಿಮಿಷದ ಕಂತು, ಅದರಲ್ಲಿ ನಾಲ್ಕು ಕಾಲ. ಹದಿನೇಳನೇ ನಿಮಿಷಕ್ಕೆ ಚಿಕ್ಕಮ್ಮ ರಿಮೋಟ್ ಒತ್ತಿ ನಿಲ್ಲಿಸಿದರು.

"ಇವ ಸತ್ತದ್ದಲ್ವಾ ಮಾರಾಯ? ಮತ್ತೆ ಹೇಗೆ ಇಡ್ಲಿ ತಿನ್ನುವುದು?"

ಇದು ಹಳೇ ಕಾಲ ಚಿಕ್ಕಮ್ಮ, ಬಣ್ಣ ಸ್ವಲ್ಪ ಹಳದಿ ಇದೆ ನೋಡಿ, ಅಂಗಿಯ ಕಾಲರ್ ಉದ್ದ ಇದೆ ನೋಡಿ ಅಂದೆ. ಅವರು ಕಾಲರ್ ನೋಡಿದರು. ನನ್ನ ಮುಖ ನೋಡಿದರು. ಚಾ ಇಡಲು ಒಳಗೆ ಎದ್ದು ಹೋದರು. ಆ ಸರಣಿ ಅಲ್ಲಿಗೇ ನಿಂತಿತು.

ಎರಡನೇ ಸರಣಿಯನ್ನು ಮುಗಿಸಿದೆವು. ನಾವು ಅಂದರೆ ಹಗಲು ಬೇರೆ ಕೆಲಸ ಮಾಡುವ ಏಳು ಜನ, ಒಂದು ಕ್ಯಾಮೆರಾ, ಶನಿವಾರ ಮತ್ತು ಭಾನುವಾರ. ನಿಮ್ಮ ಹತ್ತಿರವೂ ಹೆಚ್ಚುಕಡಿಮೆ ಇಷ್ಟೇ ಇದೆ, ತಲೆಯಲ್ಲಿ ಮಾತ್ರ ಎರಡು ಮೂರು ಕಾಲದಲ್ಲಿ ಓಡುವ ಕಥೆ ಇದೆ ಅಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ನಮ್ಮ ಕಥೆಯನ್ನೇ ಹಿಡಿಯೋಣ. ಮುಂಬೈಯ ಲಾಲ್‌ಬಾಗ್‌ನಲ್ಲಿ ಒಂದು ಉಡುಪಿ ಹೋಟೆಲ್. 1982ರಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದಾಗ ಹೋಟೆಲ್ ಧಣಿಗಳು ಕಾರ್ಮಿಕರಿಗೆ ಉದ್ರಿ ಊಟ ಕೊಡುತ್ತಾರೆ. ಕುಂದಾಪುರ ಕಡೆಯ ಹನ್ನೆರಡು ವರ್ಷದ ಮಾಣಿ ಉದ್ರಿ ಪುಸ್ತಕ ಬರೆಯುತ್ತಾನೆ, ಯಾಕೆಂದರೆ ರಾತ್ರಿ ಶಾಲೆಗೆ ಹೋಗುವವನು ಅವನೊಬ್ಬನೇ. 2005ರಲ್ಲಿ ಅದೇ ಮಾಣಿಗೆ ಮೂವತ್ತೈದು, ಗಲ್ಲಾದಲ್ಲಿ ಕೂತಿದ್ದಾನೆ. ಜುಲೈ 26ರ ಮಳೆಯಲ್ಲಿ ಕುರ್ಲಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಈಗ, ಹೋಟೆಲ್ ಇರುವ ಕಟ್ಟಡ ಕೆಡವಿ ಟವರ್ ಕಟ್ಟಲಿದ್ದಾರೆ. ಸಾಮಾನು ಖಾಲಿ ಮಾಡುವಾಗ ಮಾಣಿಯ ಮಗಳಿಗೆ ಆ ಪುಸ್ತಕ ಸಿಗುತ್ತದೆ. ಎಲ್ಲ ಪುಟಗಳೂ ಹಾಗೇ ಇವೆ. ಒಂದು ಪುಟದ ಮೇಲೆ ಮಾತ್ರ ಕೆಂಪು ಗೀಟು, ಪಕ್ಕದಲ್ಲಿ ತಾರೀಕು: 27-7-2005. ಇಪ್ಪತ್ತಮೂರು ವರ್ಷ ಬಿಟ್ಟು ಉದ್ರಿ ತೀರಿಸಿದವರು ಯಾರು?

ಮೊದಲು ಕಾಲಗಳನ್ನು ಕಡಿಮೆ ಮಾಡಿ

ಕಥೆಯನ್ನು ನೇರವಾಗಿ, ಮೊದಲಿಂದ ಕೊನೆಯವರೆಗೆ, ಒಬ್ಬ ಗೆಳೆಯನಿಗೆ ಚಾ ಕುಡಿಯುತ್ತಾ ಹೇಳಿ ನೋಡಿ. ಅವನಿಗೆ ಅಷ್ಟೇ ಮಜಾ ಬಂದರೆ ಅದನ್ನು ನೇರವಾಗಿಯೇ ತೆಗೆಯಿರಿ. ನಮ್ಮ ಕಥೆಯನ್ನು ನೇರವಾಗಿ ಹೇಳಿದರೆ 1982ರ ಉದ್ರಿ, 2005ರ ಗೀಟು, ಮುಗೀತು. ಮಗಳು ಪುಸ್ತಕ ಕಂಡಾಗ ನೋಡುವವರಿಗೆ ಆಗಲೇ ಎಲ್ಲ ಗೊತ್ತಿರುತ್ತದೆ. ಪ್ರಶ್ನೆ ಈಗ ಹುಟ್ಟುತ್ತದೆ, ಉತ್ತರ ಹಿಂದೆ ಇದೆ. ಹಾಗಾಗಿ ಕಾಲ ಒಡೆಯಲೇಬೇಕಿತ್ತು.

ನಾಲ್ಕನೆಯ ಕಾಲವೂ ಇತ್ತು. 1964, ಧಣಿಗಳು ಊರಿಂದ ಬಂದ ವರ್ಷ. ಆ ವರ್ಷದ ಮಾರ್ಚ್ 31ಕ್ಕೆ ಬಾಂಬೆಯ ಕೊನೆಯ ಟ್ರಾಮ್ ಓಡಿತು. ಟ್ರಾಮ್‌ನಲ್ಲಿ ಟ್ರಂಕು ಹಿಡಿದು ನಿಂತ ಹುಡುಗ! ಬರೆದದ್ದು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಕೆಂಪು ಗೀಟಿಗೂ ಅದಕ್ಕೂ ಸಂಬಂಧ ಇರಲಿಲ್ಲ, ಟ್ರಾಮ್ ತರಲು ನಮ್ಮ ಹತ್ತಿರ ದುಡ್ಡೂ ಇರಲಿಲ್ಲ. ಹೊಡೆದು ಹಾಕಿದೆವು. ಒಂದೊಂದು ಕಾಲಕ್ಕೂ ಬೇರೆ ಬಟ್ಟೆ, ಬೇರೆ ಸಾಮಾನು, ಬೇರೆ ನಟರು, ಬೇರೆ ದಿನಗಳು. ಸಣ್ಣ ತಂಡಕ್ಕೆ ಎರಡು ಕಾಲ ಹಿತ, ಮೂರು ಕಷ್ಟ, ನಾಲ್ಕು ಸುಮ್ನೆ ಆಸೆ.

ಇಡೀ ಕಥೆ ಒಂದೇ ಜಾಗಕ್ಕೆ ಮರಳಿ ಬರುವಂತೆ ಕಟ್ಟಿದರೆ ಅರ್ಧ ಖರ್ಚು ಉಳಿಯುತ್ತದೆ. ನಮಗೆ ಆ ಜಾಗ ಗಲ್ಲಾ. ನಿಮಗೆ ಚಾಳ್‌ನ ಮೆಟ್ಟಿಲು ಇರಬಹುದು, ಪುಣೆಯ ವಾಡೆಯ ಅಂಗಳ ಇರಬಹುದು, ಗೋವೆಯ ಒಂದು ಹಳೇ ಮನೆಯ ಬಲ್ಕಾಂವ್ (ಮುಂಬಾಗಿಲ ಜಗಲಿ) ಇರಬಹುದು.

ಬರೆಯುವ ಮೊದಲು ಪಂಚಾಂಗ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ವರ್ಷ, ಮೇಲ್ಗಡೆ ಪಾತ್ರಗಳ ಹೆಸರು. ಪ್ರತಿ ವರ್ಷ ಯಾರಿಗೆ ಎಷ್ಟು ವಯಸ್ಸು, ಯಾರು ಬದುಕಿದ್ದಾರೆ, ಯಾರು ಯಾವ ಊರಲ್ಲಿ ಅಂತ ತುಂಬಿ. ಬೇಸರದ ಕೆಲಸ, ನಿಜ. ಆದರೆ ಒಂದು ಪಾತ್ರ ತನ್ನ ಅಮ್ಮನಿಗಿಂತ ಎರಡೇ ವರ್ಷ ಚಿಕ್ಕದು ಅನ್ನುವುದು ಶೂಟಿಂಗ್ ದಿನ ಗೊತ್ತಾಗುವುದಕ್ಕಿಂತ ಇದು ವಾಸಿ.

ಆಮೇಲೆ ಊರಿನ ಸಂಗತಿಗಳು. ಗಿರಣಿ ಮುಷ್ಕರ ಶುರುವಾದದ್ದು 1982ರ ಜನವರಿ 18, ಸೋಮವಾರ. ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಅದು ಇಂಥ ದಿನ ಮುಗಿಯಿತು ಅಂತ ಯಾರೂ ಸಾರಲಿಲ್ಲ, ಹಾಗೇ ಸವೆದು ಹೋಯಿತು. ನಮ್ಮ ಉದ್ರಿ ಪುಸ್ತಕಕ್ಕೆ ಇದು ಬಹಳ ಮುಖ್ಯ. ಮುಷ್ಕರ ಮುಗಿದ ದಿನ ಅಂತ ಒಂದು ಸೀನ್ ಬರೆಯಲು ಸಾಧ್ಯವೇ ಇರಲಿಲ್ಲ. ಪುಟಗಳು ತುಂಬುತ್ತಾ ಹೋಗುತ್ತವೆ, ಒಂದು ದಿನ ಹೆಸರು ಬರುವುದು ನಿಲ್ಲುತ್ತದೆ, ಅಷ್ಟೇ.

2005ರ ಮಳೆಯ ಬಗ್ಗೆ ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ಕರಡಿನಲ್ಲಿ ಪಾತ್ರಗಳೆಲ್ಲ ದಕ್ಷಿಣ ಮುಂಬೈಯ ಫೋರ್ಟ್‌ನಲ್ಲಿ ಸೊಂಟದ ಮಟ್ಟದ ನೀರಲ್ಲಿ ನಡೆಯುತ್ತಿದ್ದರು. ಅಂದು 24 ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ ಸುರಿದದ್ದು 944 ಮಿಲಿಮೀಟರ್. ಕೊಲಾಬಾದಲ್ಲಿ ಸುಮಾರು 73. ಒಂದೇ ಊರು, ಒಂದೇ ದಿನ! ದಕ್ಷಿಣ ತುದಿಯವರಿಗೆ ಸಂಜೆಯವರೆಗೂ ಏನಾಗುತ್ತಿದೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಮುಳುಗಿದವು. ಲೋಕಲ್ ನಿಂತಿತು, ಮೊಬೈಲ್ ಹತ್ತಲಿಲ್ಲ. ಈ ಒಂದು ಲೆಕ್ಕ ಸಿಕ್ಕಿದ ಮೇಲೆ ಕಥೆ ತಾನೇ ಸರಿಹೋಯಿತು. ಲಾಲ್‌ಬಾಗ್‌ನ ಗಲ್ಲಾದಲ್ಲಿ ಫೋನ್ ಹಿಡಿದು ಕೂತವರಿಗೆ ಕುರ್ಲಾಗೆ ಹೋದ ಮಾಣಿ ಯಾಕೆ ಬರಲಿಲ್ಲ ಅಂತ ಅರ್ಥವಾಗದೇ ಇರುವುದೇ ಎರಡು ಸೀನ್ ಆಯಿತು.

ಸಾಮಾನಿನ ಪಟ್ಟಿಯನ್ನೂ ಈಗಲೇ ಮಾಡಿ. 1982ರ ಗಲ್ಲಾದಲ್ಲಿ 500ರ ನೋಟು ಕಾಣಬಾರದು, ಅದು ಬಂದದ್ದು 1987ರಲ್ಲಿ. ಎಂಎಚ್ ಎಂದು ಶುರುವಾಗುವ ನಂಬರ್ ಪ್ಲೇಟ್ 1989ಕ್ಕಿಂತ ಮೊದಲು ಇಲ್ಲ. ಬೋರ್ಡಿನಲ್ಲಿ ಇಂಗ್ಲಿಷಿನ ಊರ ಹೆಸರು 1995ರವರೆಗೆ ಬಾಂಬೆ. ನಮ್ಮ ಕಲಾ ನಿರ್ದೇಶಕ ಹುಡುಗ 2005ರ ತಿಂಡಿ ಬೋರ್ಡಿನಲ್ಲಿ ದರದ ಮುಂದೆ ಚಂದಕ್ಕೆ ರೂಪಾಯಿ ಚಿಹ್ನೆ ಬರೆದಿದ್ದ. ಆ ಚಿಹ್ನೆ ಬಂದದ್ದು 2010ರಲ್ಲಿ. ಇಡೀ ಬೋರ್ಡ್ ಮತ್ತೆ ಬರೆಯಬೇಕಾಯಿತು. ಈಗಿನ ಕಾಲಕ್ಕೆ ಗಲ್ಲಾ ಮೇಲೆ ಕ್ಯೂಆರ್ ಕೋಡ್ ಸ್ಟಿಕರ್ ಒಂದಿದ್ದರೆ ಸಾಕು, ವರ್ಷ ಬರೆದು ತೋರಿಸಬೇಕಿಲ್ಲ.

ಪುಸ್ತಕಗಳಿಗಿಂತ ಜಾಸ್ತಿ ಸಿಕ್ಕಿದ್ದು ಮಾಟುಂಗಾದ ಹಳೇ ಹೋಟೆಲ್‌ನವರಿಂದ. ಸಂಜೆ ಮೂರೂವರೆಗೆ ಹೋಗಿ, ಊಟದ ಗಲಾಟೆ ಮುಗಿದು ತಿಂಡಿ ಶುರುವಾಗುವ ಮೊದಲು. ಪ್ರಶ್ನೆ ಕೇಳಬೇಡಿ, ಬೆಲೆ ತಪ್ಪು ಹೇಳಿ. "ಆಗ ಮಸಾಲೆ ದೋಸೆ ಹತ್ತು ರೂಪಾಯಿ ಇದ್ದಿರಬೇಕು ಅಲ್ವಾ ಶೆಟ್ರೇ" ಅಂದರೆ ಸಾಕು. ಮುಂದಿನ ಒಂದು ಗಂಟೆ ನೀವು ಬಾಯಿ ತೆರೆಯಬೇಕಾಗಿಲ್ಲ.

ಒಂದೊಂದು ಕಾಲವನ್ನೂ ಪೂರ್ತಿ ಬರೆಯಿರಿ

ನಮ್ಮ ಮೊದಲ ಸರಣಿ ಹಾಳಾದದ್ದು ಇಲ್ಲಿ. ನಾನು ಟಿವಿಯಲ್ಲಿ ಕಾಣುವ ಕ್ರಮದಲ್ಲೇ ಬರೆದಿದ್ದೆ: ಈಗ, ಆಗ, ಈಗ, ಇನ್ನೂ ಆಗ. ಬೇಸರ ಬಂದ ಕಡೆಯೆಲ್ಲ ಕಾಲ ಹಾರಿಸಿದ್ದೆ. ಒಂದು ಕಾಲದ ಕಥೆ ಸಪ್ಪೆಯಾದಾಗ ಇನ್ನೊಂದಕ್ಕೆ ಓಡಿ ಹೋಗುವುದು ಸುಲಭ, ಅದಕ್ಕೇ ಯಾವ ಕಾಲವೂ ಗಟ್ಟಿಯಾಗಲಿಲ್ಲ.

ಎರಡನೇ ಸಲ ಮೂರು ಬೇರೆ ಕಡತ ಮಾಡಿದೆವು. 1982ರದ್ದು ಮೊದಲಿಂದ ಕೊನೆಯವರೆಗೆ, ಮಾಣಿ ಹೋಟೆಲ್‌ಗೆ ಬಂದಲ್ಲಿಂದ ಗೀಟು ಬಿದ್ದ ಪುಟದ ಕಾರ್ಮಿಕನ ಹೆಸರು ಪುಸ್ತಕದಲ್ಲಿ ನಿಲ್ಲುವವರೆಗೆ. ಅದನ್ನೊಂದನ್ನೇ ಓದಿದರೂ ಒಂದು ಕಥೆ ಅನ್ನಿಸಬೇಕು. ಹಾಗೇ 2005. ಹಾಗೇ ಈಗಿನದು. ಮೂರೂ ನಿಂತ ಮೇಲೆ ಸೀನ್‌ಗೊಂದು ಕಾರ್ಡ್: 1982ಕ್ಕೆ ಗುಲಾಬಿ, 2005ಕ್ಕೆ ನೀಲಿ, ಈಗಿನದಕ್ಕೆ ಬಿಳಿ. ಮನೆಯ ನೆಲದ ಮೇಲೆ ಹಾಸಿದೆವು. ಫ್ಯಾನ್ ಹಾಕಬೇಡಿ ಅಂತ ಎಲ್ಲರಿಗೂ ಹೇಳಿ ಇಡಿ.

ಈಗ ಹೆಣಿಗೆ. ನಾನು ಪಾಲಿಸುವ ನಿಯಮ ಒಂದೇ. ಒಂದು ಕಾಲದಲ್ಲಿ ಎದ್ದ ಪ್ರಶ್ನೆಗೆ ಇನ್ನೊಂದು ಕಾಲದಲ್ಲಿ ಉತ್ತರದ ಒಂದು ತುಂಡು ಸಿಗುವಲ್ಲಿ ಮಾತ್ರ ಹಾರಬೇಕು. ತುಂಡು ಮಾತ್ರ. ಮಗಳು ಕೇಳುತ್ತಾಳೆ, "ಪಪ್ಪಾ, ಇದು ಯಾರ ಅಕ್ಷರ?" ಅಪ್ಪ ಉತ್ತರ ಕೊಡುವುದಿಲ್ಲ. ಮುಂದಿನ ಶಾಟ್ 1982, ಮಾಣಿ ನಾಲಗೆ ಕಚ್ಚಿಕೊಂಡು ಅಂಕಿ ಬರೆಯುತ್ತಿದ್ದಾನೆ. ಅಕ್ಷರ ಯಾರದ್ದು ಅಂತ ಗೊತ್ತಾಯಿತು. ಆದರೆ ಅಪ್ಪ ಯಾಕೆ ಹೇಳಲಿಲ್ಲ? ನೋಡುವವರು ಒಂದು ಪಡೆದರು, ಇನ್ನೊಂದು ಬಾಕಿ ಉಳಿಯಿತು. ಉದ್ರಿ ಇದ್ದ ಹಾಗೆಯೇ.

ಇದೇನು ಹೊಸ ವಿದ್ಯೆ ಅಲ್ಲ. ಪತ್ತನಾಜೆ ಕಳೆದು ಊರಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲಿ ಯಕ್ಷಗಾನದವರು ಮುಂಬೈಗೆ ಬರುತ್ತಾರಲ್ಲ, ಒಮ್ಮೆ ಮಾಟುಂಗಾದಲ್ಲೋ ಸಾಂತಾಕ್ರೂಜ್‌ನಲ್ಲೋ ಕೂತು ಭಾಗವತರನ್ನು ಮಾತ್ರ ಗಮನಿಸಿ. "ಇತ್ತ" ಅಂತ ಒಂದು ಪದ್ಯ ಎತ್ತುತ್ತಾರೆ, ಹನ್ನೆರಡು ವರ್ಷ ದಾಟಿರುತ್ತದೆ, ಅರಮನೆ ಕಾಡಾಗಿರುತ್ತದೆ. ರಂಗಸ್ಥಳದಲ್ಲಿ ಒಂದು ಸಾಮಾನೂ ಬದಲಾಗಿರುವುದಿಲ್ಲ. ಯಾರಿಗೂ ಗೊಂದಲವಾಗುವುದಿಲ್ಲ, ಯಾಕೆಂದರೆ ಹಿಂದಿನ ಪದ್ಯದಲ್ಲೇ ಮುಂದೆ ಬರುವವನ ಹೆಸರು ಬಂದು ನಮ್ಮ ಮನಸ್ಸು ಅವನನ್ನು ಕಾಯುತ್ತಿರುತ್ತದೆ.

ಹೆಣೆದಾದ ಮೇಲೆ ಇನ್ನೊಂದು ಹಾಳೆ ಬೇಕು. ಪ್ರತಿ ಕಂತಿನ ಕೊನೆಗೆ ನೋಡುವವರಿಗೆ ಏನು ಗೊತ್ತು, ಮಗಳಿಗೆ ಏನು ಗೊತ್ತು, ಮಾಣಿಗೆ ಏನು ಗೊತ್ತು. ಮೂರು ಸಾಲು. ಮೂರರಲ್ಲೂ ಒಂದೇ ಬರೆದಿದ್ದರೆ ಆ ಕಂತು ಸತ್ತಿದೆ ಅಂತ ಲೆಕ್ಕ. ನಮ್ಮ ನಾಲ್ಕನೇ ಕಂತು ಹಾಗೆ ಸತ್ತಿತ್ತು. ಕುರ್ಲಾದ ಒಂದು ಸೀನನ್ನು ಐದರಿಂದ ಹಿಂದಕ್ಕೆ ತಂದೆವು, ಜೀವ ಬಂತು.

ಉದ್ದದ ಬಗ್ಗೆ. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷಿನ ಒಂದು ಅಳತೆಯ ಅಕ್ಷರಕ್ಕೆ ಹೊಂದಿಸಿದ್ದು. ಕನ್ನಡ ಅಕ್ಷರ ಜಾಗ ತಿನ್ನುವ ರೀತಿಯೇ ಬೇರೆ. ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ನಮ್ಮದು ಆರು ಕಂತು, ತಲಾ 25 ನಿಮಿಷ, ಒಟ್ಟು 150 ನಿಮಿಷ.

ಮಾತೇ ವರ್ಷ ಹೇಳಲಿ

ಬಣ್ಣ ಹಳದಿ ಮಾಡುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ಮತ್ತು ಪೂರಾ ಪುಕ್ಕಟೆ. ಊಟ ಮುಗಿಸಿದವನು ದುಡ್ಡು ಕೇಳುವ ಒಂದೇ ಮಾತು. 1982ರಲ್ಲಿ: "ಹ್ವಾಯ್, ಉಂಡದ್ದ್ ಎಷ್ಟಾಯ್ತ್?" 2005ರಲ್ಲಿ: "ಶೆಟ್ರೇ, ಟೋಟಲ್ ಎಷ್ಟು?" ಈಗ: "ಅಂಕಲ್, ಸ್ಕ್ಯಾನ್ ಮಾಡ್ಲಾ?" ಕಣ್ಣು ಮುಚ್ಚಿ ಕೇಳಿದರೂ ಕಾಲ ಗೊತ್ತಾಗಬೇಕು.

ಮುಂಬೈ ಕನ್ನಡ ಒಂದೇ ಬಗೆಯದಲ್ಲ ಅನ್ನುವುದೇ ನಮ್ಮ ಆಸ್ತಿ. ಧಣಿಗಳ ಕನ್ನಡದ ಹಿಂದೆ ತುಳು, ಮಾಣಿಯದು ಕುಂದಾಪುರದ್ದು, ಕಾರ್ಮಿಕರ ಜೊತೆ ಇಬ್ಬರೂ ಮಾತಾಡುವುದು ಅರೆಬರೆ ಮರಾಠಿ. ಮೂವತ್ತೈದರ ಮಾಣಿಯ ಬಾಯಲ್ಲಿ ಕುಂದಾಪುರ ಮಾಸಿದೆ, ಸಿಟ್ಟು ಬಂದಾಗ ಮಾತ್ರ ಹೊರಗೆ ಬರುತ್ತದೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಅವಳು ಪುಸ್ತಕ ಹಿಡಿದು ಅಪ್ಪನ ಹತ್ತಿರ ಬರಲೇಬೇಕು. ಇದನ್ನು ನಾವು ಯೋಚಿಸಿ ಮಾಡಿದ್ದಲ್ಲ, ನಟಿಸಲು ಬಂದ ಹುಡುಗಿಗೇ ಕನ್ನಡ ಓದಲು ಬರುತ್ತಿರಲಿಲ್ಲ!

ಒಬ್ಬನೇ ಮನುಷ್ಯ, ಮೂರು ಮುಖ

ನಟರನ್ನು ಹುಡುಕಲು ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಕಡೆ ನಾಟಕ ಆಡುವವರನ್ನು ನೋಡಿ. ಮುಖ ಹೋಲಬೇಕು ಅಂತ ಹಟ ಬೇಡ. ಹನ್ನೆರಡರ, ಮೂವತ್ತೈದರ, ಐವತ್ತು ದಾಟಿದ ಮಾಣಿಗೆ ಮೂರು ಜನ ಬೇಕಾಯಿತು, ಮೂವರ ಮೂಗೂ ಮೂರು ತರ. ನೋಡುವವರು ಮೂಗಿಗಿಂತ ಮೊದಲು ಅಭ್ಯಾಸ ನೋಡುತ್ತಾರೆ. ಕೈ ಒರೆಸುವ ರೀತಿ, ನಿಲ್ಲುವ ರೀತಿ. ನಮ್ಮ ಹುಡುಗ ಎಡಚ. ಹಾಗಾಗಿ ದೊಡ್ಡವರಿಬ್ಬರಿಗೂ ಎಡಗೈಯಲ್ಲಿ ಬರೆಯಲು ಹೇಳಿದೆವು. ಎರಡು ವಾರ ಅವರು ಮನೆಯಲ್ಲಿ ಹಾಲಿನ ಲೆಕ್ಕ ಎಡಗೈಯಲ್ಲಿ ಬರೆದರು. ಮೂವರನ್ನೂ ಒಂದೇ ದಿನ ಕೂರಿಸಿ ಒಂದೇ ಸೀನ್ ಓದಿಸಿ, ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಹತ್ತುತ್ತದೆ.

ಮಕ್ಕಳಿದ್ದರೆ ಕಾನೂನು ಗಟ್ಟಿಯಾಗಿ ಪಾಲಿಸಿ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ವಿಶ್ರಾಂತಿ ಇಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20 ಶೇಕಡಾ ಅದರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಬೇಕು. ಇದು 2017ರ ನಿಯಮ. ಹೋಟೆಲ್‌ನಲ್ಲಿ ದುಡಿಯುವ ಹುಡುಗನ ಕಥೆ ಮಾಡುತ್ತಾ ನಾವೇ ಅವನನ್ನು ರಾತ್ರಿ ಎರಡರವರೆಗೆ ನಿಲ್ಲಿಸಿದರೆ ಹೇಗೆ? 1982ರ ರಾತ್ರಿ ಸೀನ್‌ಗಳನ್ನು ಹಗಲಲ್ಲಿ, ಕಿಟಕಿಗೆ ಕರಿ ಬಟ್ಟೆ ಕಟ್ಟಿ ತೆಗೆದೆವು.

ಜಾಗ, ಅನುಮತಿ, ದಿನಗಳ ಲೆಕ್ಕ

ಸರ್ಕಾರಿ ಜಾಗಗಳಿಗೆ ಗೋರೆಗಾಂವ್ ಚಿತ್ರನಗರಿ ನಡೆಸುವ ರಾಜ್ಯದ ನಿಗಮವೇ ಒಂದೇ ಕಿಟಕಿಯ ವ್ಯವಸ್ಥೆ ಇಟ್ಟಿದೆ. ರೈಲ್ವೆಯದು ಬೇರೆ ಅರ್ಜಿ, ಬೇರೆ ಖರ್ಚು. ನಾವು ಸ್ಟೇಷನ್ ತೋರಿಸಲೇ ಇಲ್ಲ. ಮಾಣಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ದೂರದಲ್ಲಿ ಲೋಕಲ್ ಸದ್ದು, ಅಷ್ಟಕ್ಕೇ ಕೆಲಸ ಆಯಿತು. ಖಾಸಗಿ ಹೋಟೆಲ್ ಆದರೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ, ಕಟ್ಟಡದ ಸೊಸೈಟಿಗೆ ಒಂದು ಪತ್ರ, ಪೊಲೀಸ್ ಠಾಣೆಗೆ ಒಂದು ಪತ್ರ. ಬಾಯಿಮಾತಿನ "ಆಯ್ತು ಮಾರಾಯ, ಬನ್ನಿ" ನಂಬಿ ಹೋಗಿ ಒಂದು ಭಾನುವಾರ ಇಡೀ ತಂಡ ಬಾಗಿಲ ಹೊರಗೆ ಕೂತಿದ್ದೇವೆ, ಒಳಗೆ ಯಾರದೋ ಸೀಮಂತ.

150 ನಿಮಿಷಕ್ಕೆ ದಿನಕ್ಕೆ ಐದು ನಿಮಿಷದ ಲೆಕ್ಕ ಹಿಡಿದರೆ 30 ದಿನ. ಶನಿವಾರ, ಭಾನುವಾರ ಮಾತ್ರ ಅಂದರೆ 15 ವಾರ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸದ್ದಿಗಾಗಿಯೇ ಶೂಟಿಂಗ್ ಕಷ್ಟ, ತಗಡಿನ ಮೇಲೆ ಮಳೆ ಬಿದ್ದರೆ ಮಾತು ಕೇಳುವುದಿಲ್ಲ. ಮಳೆಯ ಕಥೆಯನ್ನು ನಾವು ಡಿಸೆಂಬರ್‌ನಲ್ಲಿ ತೆಗೆದೆವು. ಕುರ್ಲಾದ ಮನೆಯನ್ನು ಮೊದಲ ಮಾಳಿಗೆಗೆ ಏರಿಸಿದೆವು. ನೀರು ಕಾಣುವುದು ಮೆಟ್ಟಿಲ ಕೆಳಗೆ ಮಾತ್ರ. ಕೆಳಗಿನ ಮೂರು ಮೆಟ್ಟಿಲಿಗೆ ಪ್ಲಾಸ್ಟಿಕ್ ಹಾಸಿ, ಇಟ್ಟಿಗೆ ಕಟ್ಟೆ ಕಟ್ಟಿ, ಚಾ ಡಿಕಾಕ್ಷನ್ ಬೆರೆಸಿದ ನೀರು ತುಂಬಿದೆವು. ಉಳಿದದ್ದೆಲ್ಲ ಕತ್ತಲು, ಮೇಣದಬತ್ತಿ, ಸದ್ದು.

ಈಗ ಮುಖ್ಯ ಸಂಗತಿ. ಕಾಲದ ಕ್ರಮದಲ್ಲಿ ಶೂಟ್ ಮಾಡಬೇಡಿ, ಜಾಗದ ಕ್ರಮದಲ್ಲಿ ಮಾಡಿ. ಗಲ್ಲಾದ ಎಲ್ಲ ಸೀನ್‌ಗಳೂ ಒಟ್ಟಿಗೆ. ಅದರೊಳಗೆ ಈಗಿನದು ಮೊದಲು, ಆಮೇಲೆ 2005, ಕೊನೆಗೆ 1982. ಯಾಕೆಂದರೆ ಹಳೇ ಕಾಲ ತೋರಿಸುವವರೆಲ್ಲ ಒಂದು ತಪ್ಪು ಮಾಡುತ್ತಾರೆ, ಹಳೇ ಗೋಡೆ, ತುಕ್ಕು ಹಿಡಿದ ಡಬ್ಬಿ, ಬಿರುಕು ಬಿಟ್ಟ ಮೇಜು. 1982ರಲ್ಲಿ ಆ ಮೇಜು ಹೊಸದು ಸ್ವಾಮಿ! ಗೋಡೆಗೆ ಬಣ್ಣ ಹೊಡೆದು ಎರಡೇ ವರ್ಷ. ಮುದಿಯಾಗಿರಬೇಕಾದದ್ದು ಈಗಿನ ಹೋಟೆಲ್. ನಮಗೆ ಜಾಗ ಸಿಕ್ಕಿದ್ದೇ ಈ ಲೆಕ್ಕದಿಂದ. ಮಾಲೀಕರಿಗೆ ಬಾಡಿಗೆ ಕೊಡಲು ಆಗಲಿಲ್ಲ, "ಕೊನೆಗೆ ಗೋಡೆಗೆಲ್ಲ ಹೊಸ ಬಣ್ಣ ಹೊಡೆದು ಕೊಡುತ್ತೇವೆ" ಅಂದೆವು. ಅವರು ಬಣ್ಣ ಮಾತ್ರ ತಾವೇ ಆರಿಸಿದರು. 1982ರ ನಮ್ಮ ಹೋಟೆಲ್ ಯಾಕೆ ಅಷ್ಟು ಪಿಸ್ತಾ ಹಸಿರು ಅಂತ ಕೇಳುವವರಿಗೆ ಇದೇ ಉತ್ತರ.

ಗಡ್ಡ ಇದ್ದರೆ ಗಡ್ಡದ ಸೀನ್ ಮೊದಲು, ಬೋಳಿಸುವುದು ಆಮೇಲೆ. ಇದನ್ನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ.

ಶೂಟಿಂಗ್ ದಿನ

ಸೀನ್ ನಂಬರಿನಲ್ಲೇ ಕಾಲ ಇರಲಿ. ನಮ್ಮಲ್ಲಿ ಹ ಅಂದರೆ ಹಳೇದು, ಮ ಅಂದರೆ ಮಳೆ, ಈ ಅಂದರೆ ಈಗ. ಹ-14, ಮ-6 ಅಂತ ಕ್ಲ್ಯಾಪ್ ಹಲಗೆಯ ಮೇಲೆ ಬರೆದರೆ ಎಡಿಟ್ ಮಾಡುವವನು ನಿಮ್ಮನ್ನು ಹರಸುತ್ತಾನೆ. ಕಂಟಿನ್ಯುಟಿಗೆ, ಅಂದರೆ ಬಟ್ಟೆ ಸಾಮಾನು ಶಾಟ್‌ನಿಂದ ಶಾಟ್‌ಗೆ ಹಾಗೇ ಇವೆಯಾ ಅಂತ ನೋಡಲು, ಒಬ್ಬರನ್ನು ಬೇರೆಯೇ ಇಡಿ, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ, ಚಾ ತರಲು ಕೂಡ ಕಳಿಸಬೇಡಿ. ಉದ್ರಿ ಪುಸ್ತಕ ಮೂರು ಪ್ರತಿ ಮಾಡಿದೆವು: ಹೊಸದು, ಮಾಸಿದ್ದು, ಹರಿದದ್ದು. ಮೂರರಲ್ಲೂ ಅದೇ ಪುಟದಲ್ಲಿ ಅದೇ ಎಣ್ಣೆ ಕಲೆ ಇರಬೇಕು.

ಬೆಳಕಿನ ಮೂಲವೇ ಕಾಲ ಹೇಳಲಿ. 1982ಕ್ಕೆ ಬಲ್ಬ್ ಮತ್ತು ಟ್ಯೂಬ್‌ಲೈಟ್, 2005ಕ್ಕೆ ಸಿಎಫ್ಎಲ್, ಈಗಿನದಕ್ಕೆ ಎಲ್ಇಡಿ. ಹಳೇ ಟ್ಯೂಬ್‌ಲೈಟ್ ಕ್ಯಾಮೆರಾದಲ್ಲಿ ಮಿಟುಕುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಕಾಟ ಇರುವುದಿಲ್ಲ. ಫೋನಿನಲ್ಲಿ ತೆಗೆಯುವವರು ಇದನ್ನು ಕೈಯಾರೆ ಹೊಂದಿಸಬೇಕು, ಅದರಷ್ಟಕ್ಕೆ ಬಿಟ್ಟರೆ ಕೆಡಿಸುತ್ತದೆ.

ಸದ್ದಿಗಾಗಿ ಫ್ರಿಜ್ ಆರಿಸುತ್ತೀರಿ. ಆರಿಸಿದ ಕೂಡಲೇ ನಿಮ್ಮ ಗಾಡಿಯ ಕೀಲಿಕೈಯನ್ನು ಅದರೊಳಗೆ ಇಡಿ. ಮನೆಗೆ ಹೊರಟಾಗ ಕೀಲಿಕೈ ಬೇಕು, ಆಗ ಫ್ರಿಜ್ ನೆನಪಾಗುತ್ತದೆ. ಮರುದಿನದ ದೋಸೆ ಹಿಟ್ಟು ಹುಳಿಯಾದರೆ ಹೋಟೆಲ್‌ನ ಭಟ್ರು ನಿಮ್ಮನ್ನು ಮತ್ತೆ ಒಳಗೆ ಬಿಡುವುದಿಲ್ಲ. ತೆಗೆದದ್ದನ್ನು ಅದೇ ರಾತ್ರಿ ಎರಡು ಡ್ರೈವ್‌ಗೆ ಹಾಕಿ, ಎರಡೂ ಒಂದೇ ಮನೆಗೆ ಹೋಗಬಾರದು.

ಕಾಗದ ಪತ್ರ

ಸ್ಕ್ರಿಪ್ಟ್ ಯಾರಿಗಾದರೂ ಕಳಿಸುವ ಮೊದಲು ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾಗಿ ಆನ್‌ಲೈನ್‌ನಲ್ಲಿ ನೋಂದಾಯಿಸಿ. ಇಂಥ ದಿನ ಇದು ನಿಮ್ಮ ಹತ್ತಿರ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಗೆಳೆಯರ ಮಧ್ಯೆಯೂ ಬರಹದಲ್ಲಿ ಒಪ್ಪಂದ ಇರಲಿ. ಕೃತಿಸ್ವಾಮ್ಯ ವಹಿಸಿಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ನಮ್ಮ ಕಾನೂನಿನಲ್ಲಿ ಅದು ಐದು ವರ್ಷ ಅಂತಲೇ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ದುಬೈ ಕನ್ನಡಿಗರು ನೋಡಬೇಕು ಅಂತಿದ್ದರೆ ಇದು ಗೊತ್ತಿರಬೇಕು.

1982 ಅಂದ ಕೂಡಲೇ ಎಲ್ಲರಿಗೂ ರೇಡಿಯೋದಲ್ಲಿ ಹಳೇ ಹಾಡು ಬೇಕು. ಬೇಡ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ, ಸಾಹಿತ್ಯ ಮತ್ತು ರಾಗದ ಹಕ್ಕು ಅದನ್ನು ಮಾಡಿದವರು ತೀರಿಕೊಂಡ ಮೇಲೆ 60 ವರ್ಷ. ಎರಡನ್ನೂ ಬೇರೆ ಬೇರೆ ಕಡೆ ಕೇಳಬೇಕು, ದುಡ್ಡು ಕೊಡಬೇಕು. ನಾವು ಮೆಣಸು ಕಡೆಯುತ್ತಾ ಭಟ್ರು ಗುನುಗುವಂತೆ ಮಾಡಿದೆವು, ರಾಗ ನಮ್ಮದೇ.

ಬೀಡಿ ಸೇದುವ ಕಾರ್ಮಿಕ ಬೇಕೇ ಬೇಕಾ, ಯೋಚಿಸಿ. 2023ರ ಸೆಪ್ಟೆಂಬರ್‌ನಿಂದ ಒಟಿಟಿಯಲ್ಲಿ ತಂಬಾಕು ಕಂಡರೆ ಮೊದಲಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಎಚ್ಚರಿಕೆ, ಸೇದುವಾಗ ಕೆಳಗೆ ಬರಹ. 25 ನಿಮಿಷದ ಕಂತಿನ ಮಧ್ಯೆ ಅದು ಬಂದರೆ ಕಟ್ಟಿದ ಹೆಣಿಗೆ ಹರಿಯುತ್ತದೆ. ನಮ್ಮವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡದ್ದನ್ನೂ ತೆಗೆಸಿ ಅಡಿಕೆ ಹೋಳು ಕೊಟ್ಟೆವು.

ಎಡಿಟ್

ಮೊದಲ ಜೋಡಣೆಯಲ್ಲಿ ವರ್ಷದ ಬರಹ ಎಲ್ಲೂ ಹಾಕಬೇಡಿ. ಕಥೆ ಗೊತ್ತಿಲ್ಲದ ಇಬ್ಬರನ್ನು ಕೂರಿಸಿ. ಒಬ್ಬರು ಅರವತ್ತು ದಾಟಿದವರು, ಇನ್ನೊಬ್ಬರು ಮೊಬೈಲ್ ನೋಡುತ್ತಲೇ ಸಿನಿಮಾ ನೋಡುವ ವಯಸ್ಸಿನವರು. ನೀವು ಅವರ ಹಿಂದೆ ಕೂತು ಅವರು ಒಬ್ಬರ ಮುಖ ಒಬ್ಬರು ನೋಡಿದ ನಿಮಿಷಗಳನ್ನು ಮಾತ್ರ ಬರೆದುಕೊಳ್ಳಿ. ವಿವರಿಸಬೇಡಿ, ಎಷ್ಟೇ ಬಾಯಿ ತುರಿಸಿದರೂ. ನಮ್ಮಲ್ಲಿ ಹನ್ನೊಂದು ಕಡೆ ಹಾಗಾಯಿತು. ಎಂಟು ಕಡೆ ಸದ್ದನ್ನು ಅರ್ಧ ಸೆಕೆಂಡ್ ಮೊದಲು ತಂದದ್ದೇ ಪರಿಹಾರ: ಚಿತ್ರ ಇನ್ನೂ ಈಗಿನದು, ಕಿವಿಗೆ ಆಗಲೇ ಗಿರಣಿಯ ಭೋಂಗಾ (ಸೈರನ್). ಎರಡು ಕಡೆ ಸೀನ್ ಜಾಗ ಬದಲಿಸಿದೆವು. ಒಂದು ಕಡೆ ಸೋತು "1982" ಅಂತ ಬರೆದೆವು. ಬರೆದರೆ ಮರ್ಯಾದೆ ಏನೂ ಹೋಗುವುದಿಲ್ಲ.

ಡೊಂಬಿವಲಿಗೆ ಮತ್ತೆ ಹೋದೆ. ಚಿಕ್ಕಮ್ಮ ಎರಡು ಕಂತು ಒಟ್ಟಿಗೆ ನೋಡಿದರು, ಒಮ್ಮೆಯೂ ನಿಲ್ಲಿಸಲಿಲ್ಲ. ಎರಡನೆಯದರ ಕೊನೆಗೆ, ಕುತೂಹಲಕ್ಕೆ ಇರಲಿ ಅಂತ, ಯಾರದೋ ಕೈ ಕೆಂಪು ಗೀಟು ಎಳೆಯುವ ಮೂರು ಸೆಕೆಂಡಿನ ಶಾಟ್ ಇಟ್ಟಿದ್ದೆವು. ಮುಖ ಇಲ್ಲ, ತೋಳಿಲ್ಲ, ಬೆರಳು ಮತ್ತು ಪೆನ್ನು ಮಾತ್ರ.

"ಗೀಟು ಹಾಕಿದ್ದು ಆ ಮಾಣಿಯೇ ಅಲ್ವಾ?" ಅಂದರು.

"ನಿಮಗೆ ಹೇಗೆ ಗೊತ್ತಾಯ್ತು ಚಿಕ್ಕಮ್ಮ? ಅದು ಆರನೇ ಕಂತಲ್ಲಿ ಬರುವುದು."

"ಎಡಗೈ ಮಾರಾಯ."

ಅದೇ ರಾತ್ರಿ ಎಡಿಟ್ ಮಾಡುವವನಿಗೆ ಫೋನ್ ಮಾಡಿ ಆ ಮೂರು ಸೆಕೆಂಡ್ ತೆಗೆಸಿದೆ.